ಬೋಧನಾ ಮಾಧ್ಯಮದ ಕಾಲಂ

ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ದೇವರ ಕೋಣೆ ಇತ್ತು, ದೇವರ ಪಟ ಒಂದೂ ಇರಲಿಲ್ಲ. ಓನರ್ ತಮ್ಮ ಮಗನ ಸಂಸಾರಕ್ಕೆಂದು ಕಟ್ಟಿಸಿದ್ದ ಮನೆ ಅದು. ಮಗ ಹೆಂಡತಿಯ ಊರಿಗೆ ಹೋಗಿ ನೆಲೆಸಿದ್ದರಿಂದ ನಮ್ಮ ಪಾಲಿಗೆ ಬಂತು. ನಡುಮನೆಗೂ ಅಡುಗೆಮನೆಗೂ ಮಧ್ಯೆ ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ, ಗೋಡೆಯಲ್ಲಿ ಎರಡು ಗೂಡು, ಬಾಗಿಲ ತುಂಬ ಸಾಲು ಸಾಲು ಪುಟ್ಟ ಹಿತ್ತಾಳೆ ಗಂಟೆ. ನಾವು ಸಾಮಾನು ಇಳಿಸಿದ ದಿನ ಓನರ್ ಹೆಂಡತಿ ಹೊಸ್ತಿಲ ಬಳಿ ನಿಂತು, ಹೇಳಲೋ ಬೇಡವೋ ಎಂದು ಸೆರಗು ಹಿಂಡುತ್ತಾ ನನ್ನ ಅಮ್ಮನನ್ನು ಒಂದೇ ಒಂದು ಮಾತು ಕೇಳಿಕೊಂಡರಂತೆ.

"ನಿಮ್ಮ ಪದ್ಧತಿ ನಿಮ್ಗೆ, ಟೀಚರಮ್ಮ. ಆ ಕೋಣೇಲಿ ಚಪ್ಪಲಿ ಮಾತ್ರ ಬಿಡ್ಬೇಡಿ."

"ಚಪ್ಪಲಿ ನಾವೂ ಆಚೇನೇ ಬಿಡೋದು ಕಣಮ್ಮ" ಎಂದು ನನ್ನ ಅಜ್ಜಿ, ಅಪ್ಪನ ತಾಯಿ, ಉತ್ತರ ಕೊಟ್ಟರಂತೆ. ಅಲ್ಲಿಗೆ ಎರಡು ಮನೆಯ ಒಪ್ಪಂದ ಮುಗಿಯಿತು. ಆ ಕೋಣೆಯಲ್ಲಿ ನಮ್ಮ ಅಕ್ಕಿ ಡಬ್ಬ, ರಾಗಿ ಹಿಟ್ಟಿನ ಡಬ್ಬ, ಹಳೆಯ ಕೊಡೆಗಳು ಇರುತ್ತಿದ್ದವು. ವರ್ಷಕ್ಕೆ ಒಂದೆರಡು ಸಲ ಮಾತ್ರ ಡಬ್ಬಗಳನ್ನು ಸರಿಸಿ ಅಲ್ಲಿ ಗೋಣಿಚೀಲಗಳನ್ನು ಇಡುತ್ತಿದ್ದೆವು. ಆ ಚೀಲಗಳ ವಿಷಯ ಯಾರ ಹತ್ತಿರವೂ ಬಾಯಿ ಬಿಡಬಾರದು ಎಂದು ನನಗೆ ಕಟ್ಟಪ್ಪಣೆಯಾಗಿತ್ತು. ದೇವರ ಹತ್ತಿರವೂ ಬಿಡಬಾರದು ಎಂದು ಯಾರೂ ಹೇಳಿರಲಿಲ್ಲ. ಇಡೀ ಕಥೆ ಆಗಿದ್ದು ಆ ಒಂದು ಸಂದಿನಲ್ಲಿ.

ಸಂಜೆ ಏಳಕ್ಕೆ ನಡುಮನೆಯಲ್ಲಿ ಚಾಪೆ ಬೀಳುತ್ತಿತ್ತು. ಕನಕಪುರ ರಸ್ತೆಯ ಬಸ್ಸುಗಳ ಸದ್ದು ಕಿಟಕಿಯಿಂದ ಬರುತ್ತಿರುವಾಗಲೇ ಅಜ್ಜಿ ಒಂದು ಕೀರ್ತನೆ ಎತ್ತುತ್ತಿದ್ದರು, ಅಪ್ಪ ಬೈಬಲಿನ ವಾಕ್ಯ ಓದುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ. ಬಾಯಿಪಾಠದ ಪ್ರಾರ್ಥನೆ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಒಪ್ಪಿಸೋಕೆ ದೇವರೇನು ಮೇಷ್ಟ್ರಾ, ಮನಸ್ಸಲ್ಲಿರೋದು ಹೇಳು ಎಂದು ನಾನು ನಾಲ್ಕು ವರ್ಷದವಳಿದ್ದಾಗಲೇ ಅಪ್ಪ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಬೇಕು, ಸ್ವರ ಗಟ್ಟಿಯಾಗಿರಬೇಕು, ಇದ್ದದ್ದು ಇದ್ದ ಹಾಗೆ ಹೇಳಬೇಕು. ಅಜ್ಜಿಯ ಪ್ರಾರ್ಥನೆ ಎಲ್ಲರಿಗಿಂತ ಉದ್ದ, ಏಕೆಂದರೆ ಅವರು ದೇಶ ಆಳುವವರನ್ನೆಲ್ಲ ಅದರಲ್ಲಿ ಸೇರಿಸಿಕೊಳ್ಳುತ್ತಿದ್ದರು. ರಾಷ್ಟ್ರಪತಿಯಿಂದ ಶುರುವಾಗಿ ಪ್ರಧಾನಿ, ಮುಖ್ಯಮಂತ್ರಿ, ನಮ್ಮ ಎಂ.ಎಲ್.ಎ. ಎಂದು ಇಳಿದು ಇಳಿದು, ಬೀದಿಗೆ ನೀರಿನ ವಾಲ್ವ್ ತಿರುಗಿಸುವವನ ಹತ್ತಿರ ಬಂದು ನಿಲ್ಲುತ್ತಿದ್ದರು. ಯಾರ ಹೆಸರೂ ಎತ್ತುತ್ತಿರಲಿಲ್ಲ, ಬರೀ ಹುದ್ದೆ. ಹೆಸರು ಬದಲಾಗ್ತಾ ಇರ್ತವೆ, ಯಾರು ನೆನಪಿಟ್ಕೋತಾರೆ ಎನ್ನುತ್ತಿದ್ದರು. ನನಗಂತೂ ಅಷ್ಟು ಹೊತ್ತಿಗೆ ಕಾಲು ಜೋಮು ಹಿಡಿದು, ಸಾರಿನ ಒಗ್ಗರಣೆ ವಾಸನೆಗೆ ಹೊಟ್ಟೆ ತಾಳ ಹಾಕುತ್ತಿರುತ್ತಿತ್ತು.

ನಮ್ಮ ಚರ್ಚಿನ ಸಭೆಯ ಜನಕ್ಕೆ ರಾಜಕೀಯವೆಂದರೆ ದೂರದಿಂದಲೇ ನಮಸ್ಕಾರ. ವೋಟು ಹಾಕಿ ಬಂದು ಮನೆಯಲ್ಲಿ ಕೂರುವುದು, ಅಷ್ಟೇ. ಅಪ್ಪ ಒಪ್ಪುತ್ತಿರಲಿಲ್ಲ. ಅವರು ಶಿಕ್ಷಣ ಇಲಾಖೆಯ ಒಂದು ಕಚೇರಿಯಲ್ಲಿ ಬೆರಳಚ್ಚುಗಾರರು. ಸರ್ಕಾರಿ ಕುರ್ಚಿಯ ಮೇಲೆ ಕೂತು ನೆಟ್ಟಗೆ ಕೆಲಸ ಮಾಡುವುದೂ ದೇವರ ಸೇವೆಯೇ, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವುದಕ್ಕಿಂತ ಕಮ್ಮಿಯಲ್ಲ ಎಂದು ವಾದಿಸುತ್ತಿದ್ದರು. ಆಫೀಸಿನ ಒಂದು ಗುಂಡುಪಿನ್ನನ್ನೂ ಮನೆಗೆ ತರದ ಮನುಷ್ಯ. ನನ್ನ ಪೆನ್ಸಿಲ್ ಮೊಂಡಾದರೆ ಅಂಗಡಿಗೆ ನಡೆಸಿಕೊಂಡು ಹೋಗಿ ಕೊಡಿಸುತ್ತಿದ್ದರು. ಅಂಥವರ ಪ್ರಾಮಾಣಿಕತೆಯಲ್ಲಿ ಒಂದೇ ಒಂದು ತೂತು ಇತ್ತು, ಅದು ಅಮ್ಮನ ಸ್ಕೂಲು.

ಚರ್ಚಿನ ಕಾಂಪೌಂಡಿನಲ್ಲಿ ಶೀಟು ಹೊದಿಸಿದ ನಾಲ್ಕು ಕೊಠಡಿ, ಒಂದರಿಂದ ನಾಲ್ಕನೆಯ ಕ್ಲಾಸು. ಅಮ್ಮ ಹೆಡ್‌ಮಿಸ್. ಜೆ.ಪಿ. ನಗರದ ಮನೆಗಳಲ್ಲಿ ಪಾತ್ರೆ ತೊಳೆಯುವವರ, ಗಾರೆ ಕೆಲಸದವರ, ಇಸ್ತ್ರಿ ಗಾಡಿಯವರ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಹೆಚ್ಚಿನವರು ಹಿಂದೂಗಳು. ಕನ್ನಡದಲ್ಲಿ ಪಾಠ ಮಾಡುತ್ತೇವೆಂದು ಬರೆದುಕೊಟ್ಟು ಸರ್ಕಾರದ ಅನುಮತಿ ಪಡೆದಿದ್ದ ಸ್ಕೂಲು ಅದು. ಒಳಗೆ ನಡೆಯುತ್ತಿದ್ದದ್ದು ಪೂರ್ತಿ ಇಂಗ್ಲಿಷ್. ಸುತ್ತಮುತ್ತ ಬೇಕಾದಷ್ಟು ಸ್ಕೂಲುಗಳು ಹಾಗೇ ಇದ್ದವು, ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಕ್ರಿಶ್ಚಿಯನ್ ಸ್ಕೂಲೆಂದರೆ ಇಂಗ್ಲಿಷ್ ಎಂದೇ ತಾಯಂದಿರು ಮಕ್ಕಳನ್ನು ಕರೆತರುತ್ತಿದ್ದರು, ಅಮ್ಮನಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಪ್ರತಿ ಮಗುವಿಗೂ ಎರಡು ಜೊತೆ ಪುಸ್ತಕ. ಓದುವುದಕ್ಕೆ ಇಂಗ್ಲಿಷಿನವು, ಇನ್‌ಸ್ಪೆಕ್ಟರ್ ಬಂದಾಗ ತೋರಿಸುವುದಕ್ಕೆ ಕನ್ನಡದವು.

ಇನ್‌ಸ್ಪೆಕ್ಟರ್ ಯಾವಾಗ ಬರುತ್ತಾರೆಂಬುದು ಅಪ್ಪನಿಗೆ ಮೊದಲೇ ತಿಳಿಯುತ್ತಿತ್ತು, ಪ್ರವಾಸದ ಪಟ್ಟಿ ಟೈಪ್ ಮಾಡುತ್ತಿದ್ದವರೇ ಅವರು. ಆದರೆ ಇನ್‌ಸ್ಪೆಕ್ಷನ್ ಎಂಬ ಪದ ಅವರ ನಾಲಿಗೆ ಮೇಲೆ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, ಅಮ್ಮನ ಮುಖ ನೋಡದೆ ಹೇಳುತ್ತಿದ್ದರು.

"ನಾಳೆ ಒಳ್ಳೆ ಸೀರೆ ಉಟ್ಕೊಂಡು ಹೋಗು."

ಅಷ್ಟು ಹೇಳಿದರೆ ಸಾಕು. ಅಮ್ಮ ತಟ್ಟೆ ಬದಿಗಿಟ್ಟು, ಕೈತೊಳೆದು, ಚರ್ಚಿನ ಬೀಗದ ಕೈ ತೆಗೆದುಕೊಂಡು ಹೊರಡುತ್ತಿದ್ದರು. ಇಂಗ್ಲಿಷ್ ಪುಸ್ತಕಗಳು ಗೋಣಿಚೀಲದಲ್ಲಿ ಆಟೋ ಹತ್ತಿ ಬಂದು ನಮ್ಮ ದೇವರ ಕೋಣೆ ಸೇರುತ್ತಿದ್ದವು. ಬಾಗಿಲು ಹಾಕುವಾಗ ಗಂಟೆಗಳೆಲ್ಲ ಒಟ್ಟಿಗೆ ಆಡಿದರೆ ಅಮ್ಮ ಎರಡೂ ಕೈಯಿಂದ ಅವನ್ನು ಹಿಡಿದು ಸುಮ್ಮನಾಗಿಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಮೂರನೆಯ ಕ್ಲಾಸಿನಲ್ಲಿದ್ದ ವರ್ಷ ಬಂದ ಇನ್‌ಸ್ಪೆಕ್ಟರ್ ಹೊಸಬರು. ಬಸವನಗುಡಿಯವರು, ನಿವೃತ್ತಿಗೆ ಹತ್ತಿರವಾದವರು, ನೆತ್ತಿ ಕೂದಲು ಬೆಳ್ಳಗಾಗಿತ್ತು. ಹಿಂದಿನವರ ಹಾಗೆ ಹೆಡ್‌ಮಿಸ್ ರೂಮಿನಲ್ಲಿ ಕಾಫಿ ಕುಡಿದು ಎದ್ದುಹೋಗಲಿಲ್ಲ, ನೇರ ನಮ್ಮ ಕ್ಲಾಸಿಗೆ ಬಂದು ಒಂದು ಬೆಂಚಿನ ತುದಿಯಲ್ಲಿ ಕೂತರು. ನನ್ನ ಪಕ್ಕದ ಮಂಜುಳನಿಗೆ ಕನ್ನಡ ಪುಸ್ತಕ ಕೊಟ್ಟು ಓದಲು ಹೇಳಿದರು. ಮಂಜುಳ ಚುರುಕು, ನನಗಿಂತ ಒಂದು ಕೈ ಮೇಲೆ. ಪಾಪ, ಆ ಪುಸ್ತಕದ ಪುಟಗಳೇ ಇನ್ನೂ ಅಂಟಿಕೊಂಡಿದ್ದವು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾ ಬೆವರಿದಳು. ಸಾಹೇಬರು ಪುಸ್ತಕ ವಾಪಸು ತೆಗೆದುಕೊಂಡು, ಮಕ್ಕಳ ಹೆದರಿಕೆ ಹೋಗಲೆಂದೋ ಏನೋ, ನನ್ನ ಕಡೆ ತಿರುಗಿದರು.

"ಬೆಳಿಗ್ಗೆ ಪ್ರಾರ್ಥನೆ ಮಾಡ್ತೀರಲ್ಲ, ಅದೊಂದು ಹೇಳು ಮಗು, ಕೇಳೋಣ."

ನಾನು ಎದ್ದು ನಿಂತು ಕೈಮುಗಿದು ಕಣ್ಣು ಮುಚ್ಚಿದೆ. ಸ್ಕೂಲಿನ ಪ್ರಾರ್ಥನೆ ಇಂಗ್ಲಿಷಿನದು, ಅದನ್ನು ಅವರ ಮುಂದೆ ಹೇಳಬಾರದೆಂಬ ಬುದ್ಧಿ ನನಗೆ ಇತ್ತು. ಹಾಗಾಗಿ ಮನೆಯ ಹಾಗೆ ಮಾಡಿದೆ. ಮನಸ್ಸಿನಲ್ಲಿದ್ದದ್ದನ್ನು ಗಟ್ಟಿಯಾಗಿ ಹೇಳಿದೆ.

"ಪರಲೋಕದ ತಂದೆಯೇ, ಈ ದಿನಕ್ಕಾಗಿ ಸ್ತೋತ್ರ. ನಮ್ಮ ಸ್ಕೂಲಿಗೆ ಬಂದಿರೋ ಸಾಹೇಬರಿಗಾಗಿ ಸ್ತೋತ್ರ. ಅವರು ಬಿಸಿಲಲ್ಲಿ ಬಂದಿದಾರೆ, ಅವರಿಗೆ ಆರೋಗ್ಯ ಕೊಡು. ಅಪ್ಪ ಒಳ್ಳೆ ಸೀರೆ ಉಟ್ಕೊ ಅಂತ ಹೇಳಿದ್ರಿಂದ ನಾವು ಇಂಗ್ಲಿಷ್ ಪುಸ್ತಕ ಎಲ್ಲಾ ಮನೇಲಿಟ್ಟಿದೀವಿ. ಅದು ಸಾಹೇಬರಿಗೆ ಗೊತ್ತಾಗದ ಹಾಗೆ ನೋಡ್ಕೊ. ಅಜ್ಜೀನೂ ನಿನ್ನೆ ಅದನ್ನೇ ಕೇಳಿದಾರೆ. ಅಮ್ಮನ ಸ್ಕೂಲು ಮುಚ್ಚಿಸಬೇಡ. ಯೇಸುವಿನ ನಾಮದಲ್ಲಿ ಬೇಡ್ತೀನಿ ತಂದೆಯೇ, ಆಮೆನ್."

ಕ್ಲಾಸೆಲ್ಲ ಆಮೆನ್ ಎಂದಿತು. ಕಣ್ಣು ಬಿಟ್ಟರೆ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಏನೋ ತಪ್ಪಾಗಿದೆ ಎಂದು ತಿಳಿಯಿತು. ಏನು ತಪ್ಪೆಂದು ಮಾತ್ರ ತಿಳಿಯಲಿಲ್ಲ. ದೇವರ ಹತ್ತಿರ ಮಾತಾಡುವಾಗ ಮನುಷ್ಯರೂ ಕೇಳಿಸಿಕೊಳ್ಳುತ್ತಾರೆ ಎಂದು ಎಂಟು ವರ್ಷದ ನನಗೆ ನಿಜವಾಗಲೂ ಹೊಳೆದಿರಲಿಲ್ಲ. ಸಾಹೇಬರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ಮನೇಲಿ ಕನ್ನಡಾನೇನಾ?"

"ಹೌದು ಸಾರ್. ತಲೆತಲಾಂತರದಿಂದ ಕನ್ನಡಾನೇ."

"ಇಷ್ಟು ಚೆನ್ನಾಗಿ ಕನ್ನಡದಲ್ಲಿ ದೇವರ ಹತ್ರ ಮಾತಾಡೋ ಮಗೂಗೆ ಲೆಕ್ಕ ಯಾಕಮ್ಮ ಇಂಗ್ಲಿಷಲ್ಲಿ ಹೇಳ್ಕೊಡ್ತೀರಿ?"

ಸಾಹೇಬರು ತಪಾಸಣೆಯ ಫಾರಂ ತೆಗೆದು, ಕೊಠಡಿ ಎಷ್ಟು, ಕುಡಿಯುವ ನೀರು ಇದೆಯೇ, ಶೌಚಾಲಯ ಇದೆಯೇ ಎಂಬುದನ್ನೆಲ್ಲ ತುಂಬಿದರು. ಬೋಧನಾ ಮಾಧ್ಯಮ ಎಂಬ ಕಾಲಂ ಮಾತ್ರ ಖಾಲಿ ಬಿಟ್ಟು ಫಾರಮನ್ನು ಅಮ್ಮನ ಕೈಗೆ ಕೊಟ್ಟರು.

"ಇದನ್ನ ನೀವೇ ತುಂಬಿ ಸೋಮವಾರ ಕಳಿಸಿ. ನೀವು ಏನು ಬರೆದಿರ್ತೀರೋ ಅದಕ್ಕೆ ನಾನು ಸಹಿ ಮಾಡ್ತೀನಿ."

ಅವತ್ತು ಶುಕ್ರವಾರ. ಇಂಗ್ಲಿಷ್ ಎಂದು ಬರೆದರೆ ಅನುಮತಿ ರದ್ದಾಗುತ್ತದೆ, ಸ್ಕೂಲು ಮುಚ್ಚುತ್ತದೆ. ಕನ್ನಡ ಎಂದು ಬರೆದರೆ ಅಮ್ಮ ತಮ್ಮ ಕೈಯಾರೆ, ನಿಜ ಗೊತ್ತಿರುವ ಮನುಷ್ಯನ ಮುಂದೆ ಸುಳ್ಳು ಬರೆದ ಹಾಗೆ. ಶನಿವಾರ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದೇ ತಡವಾಗಿ. ಚರ್ಚಿನ ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ಬೆಳಿಗ್ಗೆಯೇ ಬಂದು ಕೂತಿದ್ದರು. ಅವರು ಒಳ್ಳೆಯ ಮನುಷ್ಯ, ಕಾಂಪೌಂಡಿನ ಮಕ್ಕಳ ಮೂಗು ಒರೆಸುವಂಥವರು.

"ಕನ್ನಡ ಅಂತ ಬರೆದುಬಿಡಿ, ಟೀಚರ್. ಸರ್ಕಾರದ ರೂಲ್ಸು ನಾಳೆ ಬದಲಾಗುತ್ತೆ. ಸ್ಕೂಲ್ ಹೋದ್ರೆ ಈ ಏರಿಯಾದಲ್ಲಿ ಯೇಸುವಿಗೆ ನಮ್ಮ ಸಾಕ್ಷಿ ಏನುಳಿಯುತ್ತೆ?"

"ಇಷ್ಟು ವರ್ಷ ಈ ಮಕ್ಕಳ ಕೈಲಿ ಪುಸ್ತಕ ಬಚ್ಚಿಡಿಸಿದೀನಿ, ಅಯ್ಯನವರೇ. ಅವು ನಮ್ಮ ಬಗ್ಗೆ ಕಂಡಿರೋ ಸಾಕ್ಷಿ ಅದೇ ತಾನೆ?"

ಅಪ್ಪ ರೇಗಿದರು. ಅವರು ದನಿ ಎತ್ತಿದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಎಲ್ರೂ ಮಾಡ್ತಿರೋದನ್ನ ನಾವು ಮಾಡಿದೀವಿ. ನೀನೊಬ್ಳು ಹರಿಶ್ಚಂದ್ರನ ತಂಗಿ ಆಗ್ಬೇಡ."

"ಮಗಳಿಗೆ ಮನಸ್ಸಲ್ಲಿರೋದು ಹೇಳು ಅಂತ ಕಲಿಸಿದ್ದು ಯಾರು? ನೀವೇ. ಅವಳು ಹೇಳಿದ್ಲು."

ಅಪ್ಪ ಎದ್ದು ಹಿತ್ತಲಿಗೆ ಹೋದರು. ನಾನು ದೇವರ ಕೋಣೆಯಲ್ಲಿ ಆ ಚೀಲಗಳ ಮೇಲೆ ಕೂತು ಅಳುತ್ತಿದ್ದೆ. ನನ್ನಿಂದಲೇ ಆಯಿತೆಂದು ಯಾರೂ ಒಂದು ಮಾತು ಆಡಲಿಲ್ಲ, ಅದಕ್ಕೇ ಇನ್ನೂ ಸಂಕಟವಾಗುತ್ತಿತ್ತು. ಬೈದಿದ್ದರೆ, ಎರಡೇಟು ಹಾಕಿದ್ದರೆ ಹಗುರವಾಗುತ್ತಿತ್ತೇನೋ. ಅಜ್ಜಿ ಬಂದು ಪಕ್ಕದಲ್ಲಿ ಕೂತು ನನ್ನ ಮೂಗು ಒರೆಸಿ, ಕಣ್ಣಿಗೆ ಮರೆ ಮಾಡು ಅಂತ ದೇವರನ್ನ ಕೇಳಿದ್ದು ನನ್ನ ತಪ್ಪು ಕಣೇ, ಮುದುಕಿಗೆ ಬುದ್ಧಿ ಬೇಡ್ವಾ ಎಂದರು. ಮರುದಿನ ಭಾನುವಾರ ಪ್ರಭುಭೋಜನ, ತಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡವರು ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಹೆಂಗಸರ ಸಾಲು ಎದ್ದು ಮುಂದೆ ಹೋದಾಗ ಅಮ್ಮ ಏಳಲಿಲ್ಲ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳದೆ ಕೂತಲ್ಲೇ ತಲೆ ತಗ್ಗಿಸಿದ್ದರು. ಹೆಡ್‌ಮಿಸ್ ಎದ್ದಿಲ್ಲ ಎಂಬುದನ್ನು ಸಭೆಯ ಪ್ರತಿಯೊಬ್ಬರೂ ನೋಡಿದರು.

ಸೋಮವಾರ ಬೆಳಿಗ್ಗೆ ಅಮ್ಮ ಆ ಕಾಲಂನಲ್ಲಿ ಕನ್ನಡ ಎಂದು ಬರೆದರು. ಅಪ್ಪ ಉಸಿರು ಬಿಟ್ಟರು. ಆದರೆ ಅವತ್ತಿನಿಂದಲೇ ಅಮ್ಮ ಬರೆದದ್ದನ್ನು ಮಾಡಿಯೂ ತೋರಿಸಿದರು. ಗೋಣಿಚೀಲಗಳು ಸ್ಕೂಲಿಗೆ ವಾಪಸು ಹೋಗಲಿಲ್ಲ. ಇಂಗ್ಲಿಷ್ ಒಂದು ಪೀರಿಯಡ್ ಮಾತ್ರ, ಮಿಕ್ಕ ಪಾಠವೆಲ್ಲ ಕನ್ನಡದಲ್ಲಿ, ತೋರಿಸುವುದಕ್ಕಿದ್ದ ಪುಸ್ತಕಗಳಿಂದ. ಅಂಟಿಕೊಂಡ ಪುಟಗಳನ್ನು ನಾವು ಸ್ಕೇಲಿನಿಂದ ಬಿಡಿಸಿದೆವು. ಕಾಗದ ನಿಜವಾಯಿತು, ಇನ್ನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ ಎಂದು ಅಮ್ಮ ನಂಬಿದ್ದರು. ನನಗಂತೂ ಸ್ವರ್ಗ. ಲೆಕ್ಕ ಅರ್ಥವಾಗುತ್ತಿತ್ತು, ಭೂಗೋಳದಲ್ಲಿ ನದಿಗಳು ಹರಿಯುತ್ತಿದ್ದವು, ಅಜ್ಜಿಯ ಮಾತು ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಕಂಡು ನಾನು ಪುಟ ಮುಚ್ಚದೆ ಓದುತ್ತಿದ್ದೆ. ಇವತ್ತು ನಾನು ಕನ್ನಡದಲ್ಲಿ ನಾಲ್ಕು ಅಕ್ಷರ ಬರೆದು ಬದುಕುತ್ತಿದ್ದರೆ ಅದರ ಬುಡ ಆ ಆರು ತಿಂಗಳಲ್ಲಿದೆ. ನೀವು ಕ್ರಿಶ್ಚಿಯನ್ನರು, ನಿಮಗೆ ಕನ್ನಡ ಹೇಗೆ ಬರುತ್ತೆ ಎಂದು ಈಗಲೂ ಕೇಳುವವರಿದ್ದಾರೆ, ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ನನ್ನ ಸ್ವರ್ಗ ಬೇರೆಯವರಿಗೆ ಮೋಸದ ಹಾಗೆ ಕಂಡಿತು. ಅದೂ ಸರಿಯೇ. ವರ್ಷ ಮುಗಿಯುವ ಹೊತ್ತಿಗೆ ತಾಯಂದಿರು ಒಬ್ಬೊಬ್ಬರಾಗಿ ಬಂದು ಮಕ್ಕಳನ್ನು ಬಿಡಿಸಿಕೊಳ್ಳಲು ಶುರುಮಾಡಿದರು. ಏಪ್ರಿಲ್‌ನಲ್ಲಿ ಒಂದು ಸಂಜೆ ಮಂಜುಳನ ತಾಯಿ ಗೌರಮ್ಮ ನಮ್ಮ ಮನೆಗೇ ಬಂದರು. ಏಳು ಮನೆ ಕೆಲಸ ಮುಗಿಸಿ ಬಂದ ಹೆಂಗಸು, ಸೀರೆಯ ನೆರಿಗೆ ಇನ್ನೂ ಒದ್ದೆ. ಅಮ್ಮ ಚಾಪೆ ಹಾಸಿ ಕೂರಿಸಿದರು.

"ಟೀಸಿ ಕೊಡಿ ಟೀಚರಮ್ಮ. ಇಂಗ್ಲಿಷ್ ಸ್ಕೂಲಲ್ಲಿ ಸೀಟು ಸಿಕ್ಕೈತೆ, ಅವ್ರ ಕಾಲು ಹಿಡ್ಕೊಂಡಿವ್ನಿ. ನಾಕನೇ ಕ್ಲಾಸ್‌ಗೆ ಸೇರುಸ್ಕೊತಾರಂತೆ, ಆದ್ರೆ ಟೀಸೀಲಿ ಇಂಗ್ಲಿಷ್ ಅಂತ ಇರ್ಬೇಕಂತೆ. ಕನ್ನಡ ಅಂತಿದ್ರೆ ಮತ್ತೆ ಒಂದನೇ ಕ್ಲಾಸಲ್ಲಿ ಕೂರುಸ್ತಾರಂತೆ."

"ಗೌರಮ್ಮ, ನಮ್ಮದು ಕನ್ನಡ ಸ್ಕೂಲು. ಈಗ ಪಾಠಾನೂ ಕನ್ನಡದಲ್ಲೇ."

"ಈಗ ಸರಿ. ಎರಡೂವರೆ ವರ್ಷ ಯಾವ್ದ್ರಲ್ಲಿ ಹೇಳ್ಕೊಟ್ರಿ?"

ಅಮ್ಮ ಚಾಪೆಯ ಅಂಚಿನ ಎಳೆ ಕೀಳತೊಡಗಿದರು.

"ನಿಮ್ ಮಗಳು ಕನ್ನಡದಲ್ಲಿ ಓದುದ್ರೂ ಮನೇಲಿ ಕೈ ಹಿಡಿಯೋರು ಮೂರು ಜನ ಅವ್ರೆ. ನನ್ ಮಗಳಿಗೆ ಯಾರವ್ರೆ? ನೀವು ನಿಮ್ ದೇವ್ರ ಹತ್ರ ಸರಿ ಮಾಡ್ಕೊಂಡ್ರಿ, ಟೀಚರಮ್ಮ. ನಮ್ ಹತ್ರ ಯಾವಾಗ ಸರಿ ಮಾಡ್ಕೊತೀರಿ?"

ಆ ಮಾತನ್ನು ಗೌರಮ್ಮ ಕೂಗಿ ಹೇಳಲಿಲ್ಲ. ಹೇಳಿ, ಅಜ್ಜಿ ತಂದುಕೊಟ್ಟ ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು. ಅಮ್ಮ ಚಾಪೆಯಿಂದ ಏಳಲೇ ಇಲ್ಲ. ಆ ಸೋಮವಾರ ಬರೆದ ಒಂದು ಪದದಿಂದ ಎಲ್ಲ ತೀರಿತೆಂದು ಅವರು ಎಣಿಸಿದ್ದರು. ಹಿಂದಿನ ಎರಡೂವರೆ ವರ್ಷ ಒಂದು ಮಗುವಿನ ಬದುಕಿನಲ್ಲಿ ಹಾಗೇ ಕೂತಿತ್ತು. ಟೀಸಿಯಲ್ಲಿ ಇಂಗ್ಲಿಷ್ ಎಂದು ಬರೆದು ಸಹಿ ಹಾಕಿದರೆ, ಇಷ್ಟು ವರ್ಷ ಸರ್ಕಾರಕ್ಕೆ ಸುಳ್ಳು ಹೇಳಿದ್ದೆ ಎಂದು ಅಮ್ಮನೇ ಲಿಖಿತವಾಗಿ ಒಪ್ಪಿಕೊಂಡ ಹಾಗೆ. ಆ ಟೀಸಿ ಹೊಸ ಸ್ಕೂಲಿನಿಂದ ಪರಿಶೀಲನೆಗೆ ಅಪ್ಪನ ಕಚೇರಿಗೇ ಹೋಗುತ್ತದೆ. ಕಾಲಂ ಖಾಲಿ ಬಿಟ್ಟ ಆ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು.

ಅಪ್ಪ ಬಂದಾಗ ಅಮ್ಮ ಎಲ್ಲವನ್ನೂ ಹೇಳಿದರು. ಈ ಸಲ ಅಪ್ಪ ರೇಗಲಿಲ್ಲ. ಷರ್ಟು ಬಿಚ್ಚದೆ ಕುರ್ಚಿಯಲ್ಲಿ ಕೂತರು.

"ಬರೆದ್ರೆ ಸ್ಕೂಲು ಹೋಗುತ್ತೆ. ಗೊತ್ತು ತಾನೆ?"

"ಗೊತ್ತು."

"ನನ್ನ ಟೇಬಲ್ ಮೇಲೇ ಬರುತ್ತೆ. ನಾನು ತಡೆಯೋಕಾಗಲ್ಲ. ತಡೆಯೋದೂ ಇಲ್ಲ."

"ತಡೀಬೇಡಿ."

ಅಮ್ಮ ಬೀರುವಿನಿಂದ ಟೀಸಿ ಪುಸ್ತಕ ತಂದು, ಊಟದ ತಟ್ಟೆ ಇಡುವ ಮಣೆಯ ಮೇಲೆಯೇ ಅದನ್ನು ಬಿಚ್ಚಿ, ಮಂಜುಳನ ಹೆಸರು, ಹುಟ್ಟಿದ ದಿನ ಎಲ್ಲ ದುಂಡಗೆ ಬರೆದರು. ಬೋಧನಾ ಮಾಧ್ಯಮದ ಮುಂದೆ ಇಂಗ್ಲಿಷ್ ಎಂದು ಬರೆದರು. ಅಕ್ಷರ ನೇರವಾಗಿತ್ತು. ಮುಂದಿನ ವಾರದೊಳಗೆ ಕೇಳಿದ ಪ್ರತಿ ಮಗುವಿಗೂ ಹಾಗೇ ಬರೆದುಕೊಟ್ಟರು. ಮಂಜುಳ ನಾಲ್ಕನೆಯ ಕ್ಲಾಸಿಗೇ ಸೇರಿದಳು. ನನ್ನನ್ನು ಮಾತ್ರ ಅಮ್ಮ ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿದರು. ನಾನೇ ಹಟ ಹಿಡಿದು ಕೇಳಿದ್ದೆ.

ಜೂನ್ ಕೊನೆಯಲ್ಲಿ ಪೋಸ್ಟ್‌ಮನ್ ರಿಜಿಸ್ಟರ್ಡ್ ಕವರ್ ತಂದ. ಅವತ್ತು ಶನಿವಾರ, ಅಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದರು. ಅಮ್ಮ ಸಹಿ ಮಾಡಿ ತೆಗೆದುಕೊಂಡು ಬಾಗಿಲಲ್ಲೇ ನಿಂತು ಬಿಡಿಸಿದರು. ಮಾನ್ಯತೆ ರದ್ದುಗೊಳಿಸಿದ ಆದೇಶ, ಒಂದೂವರೆ ಪುಟ. ಅದನ್ನು ಟೈಪ್ ಮಾಡಿದವರು ಅಪ್ಪನೇ. ಟೇಬಲ್ ಮೇಲಿಂದ ಎತ್ತಿ ಮನೆಗೆ ತರಬಹುದಿತ್ತು, ನಾಲ್ಕು ದಿನ ಮೊದಲೇ ಕಿವಿಯಲ್ಲಿ ಹೇಳಬಹುದಿತ್ತು. ಹೇಳಿರಲಿಲ್ಲ. ಎಲ್ಲರಿಗೂ ಹೋಗುವ ಹಾಗೆ ಅಂಚೆಯಲ್ಲಿ ಕಳಿಸಿದ್ದರು. ಅಪ್ಪ ನಡುಮನೆಯ ಗೋಡೆಗೆ ಒರಗಿ ನಿಂತು, ಅಮ್ಮ ಓದಿ ಮುಗಿಸುವವರೆಗೂ ಅವರನ್ನೇ ನೋಡುತ್ತಿದ್ದರು. ಅಮ್ಮ ಕೊನೆಯ ಸಾಲಿನವರೆಗೂ ಓದಿ, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಕಾಗದ ಮಡಚಿ ಅಪ್ಪನ ಕಡೆ ನೋಡಿದರು.

"ಒಂದು ತಪ್ಪೂ ಇಲ್ಲ ರೀ" ಎಂದರು.

ಅಪ್ಪ ಗೋಡೆ ಹಿಡಿದುಕೊಂಡು ಕೆಳಗೆ ಕುಸಿದು ಕೂತು, ನಮ್ಮೆಲ್ಲರ ಮುಂದೆ ಮಗುವಿನ ಹಾಗೆ ಅತ್ತರು.